ಅಸ್ಫಿಯಾಳ ಹೊಟ್ಟೆ

ಮಳವಳ್ಳಿ ಬಸ್ಸಿನಲ್ಲಿ ಅಸ್ಫಿಯಾ ನಿಂತು ಪ್ರಯಾಣ ಮಾಡಿದ್ದೇ ಕಡಿಮೆ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಆ ದಾರಿಯ ಬಸ್ಸುಗಳಲ್ಲಿ ಕಾಲೂರಲು ಜಾಗ ಸಿಗುತ್ತಿರಲಿಲ್ಲ. ಆದರೂ ಅವಳು ಹತ್ತಿದ ಕೂಡಲೇ ಯಾರಾದರೊಬ್ಬರು ಎದ್ದು, ಪಕ್ಕದವರನ್ನು ಗದರಿಸಿ ಸರಿಸಿ, "ಬಾ ಕಣವ್ವ, ಕೂತ್ಕೊ. ಒಟ್ಟೆ ಉಸಾರು," ಎಂದು ಜಾಗ ಮಾಡಿಕೊಡುತ್ತಿದ್ದರು. ಸಡಿಲವಾದ ಬುರ್ಖಾದೊಳಗಿಂದಲೂ ಅವಳ ಹೊಟ್ಟೆ ಆರೇಳು ತಿಂಗಳ ಬಸುರಿಯದಂತೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಮೊದಮೊದಲು ಅವಳು, "ಇಲ್ಲಮ್ಮ, ಹಂಗೇನಿಲ್ಲ," ಎನ್ನುತ್ತಿದ್ದಳು. ಆಗ ಎದ್ದವರ ಮುಖ ಪೆಚ್ಚಾಗುತ್ತಿತ್ತು. ಇಡೀ ಬಸ್ಸು ತಿರುಗಿ ಅವಳ ಹೊಟ್ಟೆಯನ್ನೇ ನೋಡುತ್ತಿತ್ತು. ಬರಬರುತ್ತಾ ಅವಳು ಏನೂ ಹೇಳದೆ ಕೂತುಬಿಡುವುದನ್ನು ಕಲಿತಳು.

ಅವಳು ಬಸುರಿಯಾಗಿದ್ದದ್ದು ನಿಜ. ಆದರೆ ಅದು ಮೂರು ವರ್ಷದ ಹಿಂದಿನ ಮಾತು.

ಅಸ್ಫಿಯಾ ಹುಟ್ಟಿದ್ದು ಮಳವಳ್ಳಿಯಲ್ಲಿ. ಅಪ್ಪ ಫಕ್ರುದ್ದೀನ್ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ರಿಪೇರಿ ಮಾಡುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿತ ಮಗಳನ್ನು ಮದ್ದೂರಿನ ಸಾಹಿಲ್‌ಗೆ ಕೊಟ್ಟರು. ಸಾಹಿಲ್‌ಗೆ ಹಳೇ ಹೆದ್ದಾರಿಯ ಪಕ್ಕ ಲಾರಿಗಳ ಸ್ಪ್ರಿಂಗ್ ಪಟ್ಟಿ ಕಟ್ಟುವ ಸಣ್ಣ ಶೆಡ್ಡು ಇತ್ತು. ಬೈಪಾಸ್ ಆದ ಮೇಲೆ ಲಾರಿಗಳು ಊರೊಳಕ್ಕೆ ಬರುವುದು ನಿಂತು, ಎಳನೀರು ಮಾರುಕಟ್ಟೆಗೆ ಬರುವ ಗಾಡಿಗಳೇ ಅವನಿಗೆ ಆಧಾರವಾಗಿದ್ದವು. ಮೆತ್ತಗಿನ ಮನುಷ್ಯ. ಸಿಟ್ಟು ಬಂದರೂ ಮಾತಿಲ್ಲ, ಸಂತೋಷವಾದರೂ ಮಾತಿಲ್ಲ. ಅವನ ತಾಯಿ ಮಹಬೂಬ್ ಬೀ ಇಬ್ಬರ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದಳು. ಆಕೆ ಆತಗೂರಿನಲ್ಲಿ ಬೆಳೆದವಳು. ಮನೆಯಲ್ಲಿ ಎಲ್ಲರೂ ಆಡುವುದು ಉರ್ದುವಾದರೂ, ಸಿಟ್ಟು ಬಂದಾಗಲೂ ದುಃಖವಾದಾಗಲೂ ಆಕೆಯ ಬಾಯಿಗೆ ಆತಗೂರಿನ ಕನ್ನಡವೇ ಮೊದಲು ಬರುತ್ತಿತ್ತು.

ಮದುವೆಯಾಗಿ ಬಹಳ ಕಾಲ ಮಕ್ಕಳಾಗಲಿಲ್ಲ. ಆಮೇಲೆ ಒಟ್ಟಿಗೇ ಎರಡು ನಿಂತವು. ಅಸ್ಫಿಯಾ ಆಗ ಕಡ್ಡಿಯ ಹಾಗಿದ್ದಳು. ಆ ಸಣ್ಣ ಮೈಯಲ್ಲಿ ಹೊಟ್ಟೆ ಮಾತ್ರ ದಿನದಿನಕ್ಕೆ ಬೆಳೆದು, ಚರ್ಮ ಬಿರಿಯುತ್ತದೇನೋ ಎನ್ನುವಷ್ಟು ಬಿಗಿದುಕೊಂಡಿತು. ಹೊಕ್ಕುಳು ಹೊರಕ್ಕೆ ಉಬ್ಬಿತು. ಮೈಯೆಲ್ಲ ತುರಿಕೆ. ಮಹಬೂಬ್ ಬೀ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ಇಬ್ರೂ ಗಂಡೇ ಕಣೆ. ನೋಡು ಎಂಗೆ ಒದೀತಾವೆ," ಎಂದು ನಗುತ್ತಿದ್ದಳು.

ಏಳನೇ ತಿಂಗಳಲ್ಲಿ ನೀರು ಒಡೆಯಿತು. ಮಂಡ್ಯದ ನರ್ಸಿಂಗ್ ಹೋಮಿಗೆ ಹೋಗುವಷ್ಟರಲ್ಲಿ ಒಂದು ಮಗುವಿನ ಎದೆ ಬಡಿತ ನಿಂತಿತ್ತು. ಅವಸರದಲ್ಲಿ ಹೊಕ್ಕುಳಿನಿಂದ ಕೆಳಕ್ಕೆ ನೇರವಾಗಿ ಕುಯ್ದು ಎರಡನ್ನೂ ಹೊರತೆಗೆದರು. ಉಳಿದ ಮಗು ಸಂಜೆಯವರೆಗೆ ಉಸಿರಾಡಿತು. ಸಾಹಿಲ್ ಅದರ ಕಿವಿಯಲ್ಲಿ ಅಜಾನ್ ಹೇಳಿ ಅಜ್ಮತ್ ಎಂದು ಹೆಸರಿಟ್ಟ. ಮಾರನೇ ದಿನ ಇಬ್ಬರನ್ನೂ ಮದ್ದೂರಿನ ಖಬರಸ್ತಾನದಲ್ಲಿ ಒಂದೇ ಕಡೆ ಮಲಗಿಸಿದರು. ಅಸ್ಫಿಯಾ ಆಸ್ಪತ್ರೆಯ ಮಂಚದ ಮೇಲಿದ್ದಳು. ಮಕ್ಕಳ ಮುಖ ಅವಳಿಗೆ ಸರಿಯಾಗಿ ನೆನಪಿಲ್ಲ. ಮತ್ತಿನಲ್ಲಿ ಕಂಡದ್ದು ನಿಜವೋ ಕನಸೋ ಎಂದೂ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಎದೆಹಾಲು ಬತ್ತಿತು, ಹೊಲಿಗೆ ಮಾಯಿತು, ಹೊಟ್ಟೆ ಮಾತ್ರ ಇಳಿಯಲಿಲ್ಲ. ಬಾಣಂತಿತನದ ಹೊಟ್ಟೆ, ಕಟ್ಟಿದರೆ ಹೋಗುತ್ತದೆ ಎಂದು ಮಹಬೂಬ್ ಬೀ ಹಳೇ ಸೀರೆಯನ್ನು ಉದ್ದಕ್ಕೆ ಹರಿದು ದಿನಾ ಬಿಗಿಯಾಗಿ ಸುತ್ತಿದಳು. ಬಿಚ್ಚಿದರೆ ಮತ್ತೆ ಅಷ್ಟೇ. ಕೆಳಗಡೆ ಚರ್ಮ ನೆನೆದ ಬಟ್ಟೆಯ ಹಾಗೆ ಮಡಿಕೆಯಾಗಿ ಜೋತುಬಿತ್ತು. ಮೇಲ್ಗಡೆ, ಮಲಗಿದ್ದವಳು ಏಳಲು ಹೋದರೆ, ಹೊಟ್ಟೆಯ ನಡುವೆ ದಿಮ್ಮಿಯಂತೆ ಏನೋ ಉಬ್ಬಿ ಬರುತ್ತಿತ್ತು. ಬೇಸಿಗೆಯಲ್ಲಿ ಮಡಿಕೆಯ ಸಂದು ಬೆವತು ಕೆಂಪಾಗಿ ಹುಣ್ಣಾಗುತ್ತಿತ್ತು. ವಾಸನೆ ಬಂದೀತೆಂದು ಅವಳು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಬಟ್ಟೆ ಫ್ಯಾಕ್ಟರಿಯಲ್ಲಿ ಯಾರ ಹತ್ತಿರವೂ ಕೂರುತ್ತಿರಲಿಲ್ಲ. ಸಾಹಿಲ್‌ನ ಮುಂದೆ ಬಟ್ಟೆ ಬದಲಾಯಿಸುವುದನ್ನೂ ಬಿಟ್ಟಳು.

ಮಕ್ಕಳು ಹೋದ ಸುದ್ದಿ ಗೊತ್ತಿದ್ದವರು ಹೊಟ್ಟೆಯನ್ನು ನೋಡಿ ಮತ್ತೆ ಆಯಿತೇನೋ ಎಂದುಕೊಳ್ಳುತ್ತಿದ್ದರು. ಗೊತ್ತಿಲ್ಲದವರು ನೇರವಾಗಿ ಕೇಳುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತದೆ ಎಂದು ಹೇಳಲು ಅವಳಿಂದಾಗುತ್ತಿರಲಿಲ್ಲ.

ಒಂದು ಭಾನುವಾರ ತವರಿಗೆಂದು ಮಳವಳ್ಳಿ ಬಸ್ಸು ಹತ್ತಿದಾಗ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು. ಬೆಸಗರಹಳ್ಳಿಯವಳು, ಮಗಳ ಮನೆಗೆ ಹೊರಟಿದ್ದಳು. ಮಡಿಲಲ್ಲಿ ಅವರೆಕಾಯಿಯ ಚೀಲ. ಆಕೆ ಅಸ್ಫಿಯಾಳ ಹೊಟ್ಟೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು.

"ಎಸ್ಟು ತಿಂಗ್ಳು ಕಣಮ್ಮ?"

ಏನು ಬಂತೋ ಏನೋ, ಅಸ್ಫಿಯಾಳ ಬಾಯಿಂದ, "ಆರು," ಎಂದು ಹೊರಟುಬಿಟ್ಟಿತು.

"ಚೊಚ್ಚಲಾ?"

"ಹೂಂ. ಎರಡಿವೆಯಂತೆ."

ಮುದುಕಿಗೆ ಹಿಡಿಸಲಾರದಷ್ಟು ಸಂತೋಷ. ಬಿಸಿನೀರು ಕುಡಿ ಎಂದಳು, ಎಡಮಗ್ಗುಲಿಗೆ ಮಲಗು ಎಂದಳು, ತನ್ನ ತಂಗಿಗೂ ಅವಳಿಜವಳಿ ಆಗಿ ಇಬ್ಬರೂ ಈಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ ಎಂದಳು. ಭಾರತೀನಗರ ದಾಟಿತು, ಕಬ್ಬಿನ ಗದ್ದೆಗಳು ದಾಟಿದವು. ಅಸ್ಫಿಯಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಹೌದು, ರಾತ್ರಿ ಒದೆಯುತ್ತಾರೆ. ಹೌದು, ಅತ್ತೆ ಎಣ್ಣೆ ಹಚ್ಚುತ್ತಾರೆ. ಇಳಿಯುವಾಗ ಮುದುಕಿ ಒಂದು ಬೊಗಸೆ ಅವರೆಕಾಯಿಯನ್ನು ಅವಳ ಬ್ಯಾಗಿಗೆ ಸುರಿದಳು. ಬಸ್‌ಸ್ಟ್ಯಾಂಡಿನಿಂದ ತವರಿನ ಬಾಗಿಲವರೆಗೆ ಅಸ್ಫಿಯಾಗೆ ನಡೆದದ್ದೇ ತಿಳಿಯಲಿಲ್ಲ. ಅಷ್ಟು ಹಗುರಾಗಿದ್ದಳು. ಮನೆಯೊಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಕೂತಳು. ಅವಳ ಅಮ್ಮ ಎಷ್ಟು ಕೂಗಿದರೂ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ಮುದುಕಿ ಮತ್ತೆ ಸಿಕ್ಕಿದ್ದು ಮುಂದಿನ ಬೇಸಿಗೆಯಲ್ಲಿ, ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ. ಅಸ್ಫಿಯಾಳ ಜೊತೆ ಫ್ಯಾಕ್ಟರಿಯ ಗೆಳತಿ ವನಜಾ ಇದ್ದಳು. ಮುದುಕಿ ದೂರದಿಂದಲೇ ಗುರುತು ಹಿಡಿದು, ಜನರನ್ನು ತಳ್ಳಿಕೊಂಡು ಬಂದಳು.

"ಏನವ್ವಾ, ಮಕ್ಳೆಲ್ಲಿ? ಯಾರ್ತಾವ ಬುಟ್ಟು ಬಂದೆ?" ಎಂದವಳು ಹೊಟ್ಟೆಯ ಕಡೆ ನೋಡಿ ನಿಂತಳು. "ಇದೇನು, ಇನ್ನೂ ಒಟ್ಟೇಲೇ ಅವೆಯಲ್ಲ!"

ಅಸ್ಫಿಯಾ ಬ್ಯಾಗನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡಳು. ಮುದುಕಿ ಬೆರಳು ಮಡಿಸಿ ಏನೋ ಲೆಕ್ಕ ಹಾಕಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ಅಸ್ಫಿಯಾಳ ಮುಖವನ್ನೇ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಂದು ನಿಂತ ಬಸ್ಸನ್ನೂ ಹತ್ತದೆ, ತಿರುಗಿ ಹೊರಟುಹೋದಳು.

ವನಜಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫ್ಯಾಕ್ಟರಿಯ ಗೇಟಿನ ಹತ್ತಿರ ತಡೆಯಲಾರದೆ ಹೇಳಿದಳು. "ಲೇ ಅಸ್ಪಿಯಾ, ಇಂಗೆ ಎಸ್ಟು ದಿನ ಅಂತ ಒತ್ಕಂಡ್ ತಿರುಗ್ತೀಯೆ ಇದ್ನ? ಇದ್ಕೂ ಆಪ್ರೇಸನ್ ಐತಂತೆ ಕಣೆ. ಮೈಸೂರಲ್ಲಿ ಬೋರ್ಡೇ ಆಕವ್ರೆ. ನಡಿ, ನಾನೂ ಬತ್ತೀನಿ."

ಇಬ್ಬರೂ ರಜೆ ಹಾಕಿ ಹೋದರು. ಅದು ಗಾಜಿನ ಬಾಗಿಲಿನ, ಪರಿಮಳ ಸೂಸುವ ಕ್ಲಿನಿಕ್ಕು. ಮೇಕಪ್ ಮಾಡಿಕೊಂಡ ಹುಡುಗಿಯೊಬ್ಬಳು ಮೊದಲು ಮತ್ತು ನಂತರ ಎಂದು ಎರಡೆರಡು ಹೊಟ್ಟೆಗಳ ಚಿತ್ರ ತೋರಿಸಿದಳು. ನಂತರದ ಹೊಟ್ಟೆಗಳೆಲ್ಲ ಒಂದೇ ಥರ ಇದ್ದವು. ಕೊಬ್ಬು ಹೀರುವುದು, ಹೊಟ್ಟೆ ಬಿಗಿ ಮಾಡುವ ಮಿನಿ ಟಕ್, ಹಬ್ಬದ ರಿಯಾಯಿತಿ ಎಂದೆಲ್ಲ ಹೇಳಿ, "ನಿಮಗೆ ಮಿನಿ ಸಾಕು ಮೇಡಂ. ಬೆಳಿಗ್ಗೆ ಬಂದು ಸಂಜೆ ಹೋಗಬಹುದು," ಎಂದಳು. ಆಗಾಗ ಹೊಕ್ಕುಳಿನ ಹತ್ತಿರ ಗಂಟು ಬಂದು ವಾಂತಿಯಾಗುತ್ತದೆ ಎಂದು ಅಸ್ಫಿಯಾ ಹೇಳಿದ್ದಕ್ಕೆ, "ಗ್ಯಾಸ್ಟ್ರಿಕ್ ಇರಬೇಕು," ಎಂದು ಮುಂದಿನ ಚಿತ್ರಕ್ಕೆ ಹೋದಳು. ಹೊಟ್ಟೆಯನ್ನು ಯಾರೂ ಮುಟ್ಟಿ ನೋಡಲಿಲ್ಲ. ಹೊರಗೆ ಬಂದ ವನಜಾ, "ಇವ್ಳು ಸೀರೆ ಅಂಗ್ಡಿಲಿರ್ಬೇಕಾಗಿತ್ತು," ಎಂದಳು.

ಗ್ಯಾಸ್ಟ್ರಿಕ್ ಅಲ್ಲವೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಫ್ಯಾಕ್ಟರಿಯಲ್ಲಿ ಬಟ್ಟೆಯ ಕಟ್ಟು ಎತ್ತುವಾಗ ಹೊಕ್ಕುಳಿನ ಗಂಟು ಕಲ್ಲಿನಂತಾಗಿ, ಅಸ್ಫಿಯಾ ಮೆಷಿನ್ನಿನ ಪಕ್ಕದಲ್ಲೇ ಮುದುಡಿ ಬಿದ್ದಳು. ಸುತ್ತ ಸೇರಿದವರು ಹೆರಿಗೆ ನೋವೆಂದೇ ತಿಳಿದರು. ಯಾರೋ ಬಿಸಿನೀರು ತರಲು ಓಡಿದರು. "ಎರಿಗೆ ಅಲ್ಲ ಕಣ್ರಮ್ಮಾ, ದೂರ ನಿಂತ್ಕೊಳಿ!" ಎಂದು ವನಜಾ ಕೂಗಿಕೊಂಡಳು. ಆಂಬುಲೆನ್ಸು ಮಂಡ್ಯದ ಆಸ್ಪತ್ರೆಯೊಂದಕ್ಕೆ ಒಯ್ದಿತು. ಅಲ್ಲಿ ಗಂಟನ್ನು ಮೆಲ್ಲಗೆ ಒಳಕ್ಕೆ ಒತ್ತಿ ಕಳಿಸಿದರು. ಇದು ಹರ್ನಿಯಾ, ಈ ಸಲ ಒಳಕ್ಕೆ ಹೋಯಿತು, ಮುಂದಿನ ಸಲ ಕರುಳು ಸಿಕ್ಕಿಹಾಕಿಕೊಂಡು ಕೊಳೆತರೆ ಜೀವಕ್ಕೇ ಅಪಾಯ ಎಂದರು.

ಅಲ್ಲಿಯೇ ಅವಳು ಡಾಕ್ಟರ್ ರಂಜನಿಯನ್ನು ಕಂಡದ್ದು. ನಡುವಯಸ್ಸಿನ ಪ್ಲಾಸ್ಟಿಕ್ ಸರ್ಜನ್. ತೆಳ್ಳನೆಯ ಧ್ವನಿ, ಮಾತಿನಲ್ಲಿ ಅಲಂಕಾರವಿಲ್ಲ. ಆಕೆ ಅಸ್ಫಿಯಾಳನ್ನು ಮಲಗಿಸಿ, ತಲೆಯನ್ನಷ್ಟೇ ಎತ್ತಲು ಹೇಳಿ, ಹೊಟ್ಟೆಯ ನಡುವೆ ನಾಲ್ಕು ಬೆರಳನ್ನು ಅಡ್ಡಲಾಗಿ ಇಳಿಸಿದರು. ಬೆರಳುಗಳು ಯಾವ ಅಡ್ಡಿಯೂ ಇಲ್ಲದೆ ಒಳಕ್ಕೆ ಹೋದವು.

"ಇಲ್ಲಿ ಎರಡು ಕಡೆಯ ಸ್ನಾಯು ಸೇರಬೇಕಿತ್ತು. ಅವಳಿ ಬೆಳೆಯುವಾಗ ದೂರ ಸರಿದದ್ದು ಮತ್ತೆ ಸೇರಿಲ್ಲ. ಹೊಟ್ಟೆ ಮುಂದೆ ಬಂದಿರೋದು ಕೊಬ್ಬಿನಿಂದಲ್ಲ. ಒಳಗಿನದನ್ನ ಹಿಡಿದಿಡೋ ಗೋಡೆಯೇ ಇಲ್ಲ," ಎಂದರು.

"ಮೈಸೂರಲ್ಲಿ ಮಿನಿ ಸಾಕು ಅಂದ್ರು ಮೇಡಂ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ಅವಳ ಹೊಟ್ಟೆಯ ಮೇಲೆಯೇ ಬೆರಳಿನಿಂದ ಗೆರೆ ಎಳೆಯುತ್ತಾ ಹೇಳಿದರು. ಕೊಬ್ಬು ಹೀರಿ ತೆಗೆದರೆ ಚರ್ಮ ಇನ್ನಷ್ಟು ಜೋಲುತ್ತದೆ, ಸ್ನಾಯುಗಳ ನಡುವಿನ ಬಿರುಕು ಹಾಗೇ ಉಳಿಯುತ್ತದೆ. ಮಿನಿ ಎಂದರೆ ಹೊಕ್ಕುಳಿನ ಕೆಳಗೆ ಮಾತ್ರ ಸ್ವಲ್ಪ ಚರ್ಮ ತೆಗೆಯುವುದು. ಹೊಕ್ಕುಳನ್ನು ಮುಟ್ಟುವುದಿಲ್ಲ, ಮೇಲಿನ ಸ್ನಾಯುವನ್ನೂ ಮುಟ್ಟುವುದಿಲ್ಲ. ಪೂರ್ತಿಯದು ಎಂದರೆ ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕುಯ್ದು, ಚರ್ಮವನ್ನು ಪಕ್ಕೆಲುಬಿನ ತನಕ ಬಿಡಿಸಿ ಎತ್ತಿ, ಸ್ನಾಯುಗಳನ್ನು ನಡುವಿಗೆ ಎಳೆದು ಹೊಲಿದು, ಮೇಲಿನ ಚರ್ಮವನ್ನು ಕೆಳಕ್ಕೆ ತಂದು, ಹೆಚ್ಚಾದದ್ದನ್ನು ಕತ್ತರಿಸುವುದು. ಹೊಕ್ಕುಳು ತನ್ನ ಜಾಗದಲ್ಲೇ ಇರುತ್ತದೆ; ಚರ್ಮಕ್ಕೆ ಹೊಸ ತೂತು ಮಾಡಿ ಅದನ್ನು ಹೊರಗೆ ತರುತ್ತಾರೆ. ಬಹಳ ದಪ್ಪ ಇದ್ದು ಇಳಿದವರಿಗೆ ಸೊಂಟ ಸುತ್ತಿ ಬೆನ್ನಿನವರೆಗೂ ಕುಯ್ಯಬೇಕಾಗುತ್ತದೆ. ಕೆಲವರಿಗೆ ಮೇಲಿಂದ ಕೆಳಕ್ಕೆ ಇನ್ನೊಂದು ಗೆರೆಯೂ ಬೇಕು. ಇನ್ನು ಕೆಲವರಿಗೆ ಜೋತ ಚರ್ಮವನ್ನಷ್ಟೇ ಕತ್ತರಿಸಿ ಬಿಡುವುದುಂಟು. ಅದರಿಂದ ಹುಣ್ಣು ಹೋಗುತ್ತದೆ, ಹೊಟ್ಟೆ ಹೋಗುವುದಿಲ್ಲ.

ಅಸ್ಫಿಯಾಗೆ ಅರ್ಥವಾಯಿತು. ಸಡಿಲವಾದ ಅಂಗಿಯನ್ನು ಬಿಚ್ಚಿ ಮತ್ತೆ ಹೊಲಿಯುವಾಗ ಅವಳೂ ಇದೇ ಬಗೆಯ ತೀರ್ಮಾನ ಮಾಡುತ್ತಿದ್ದಳು.

"ನಿಮಗೆ ಎರಡು ದಾರಿ," ಎಂದರು ಡಾಕ್ಟರು. "ಹರ್ನಿಯಾದ ತೂತನ್ನಷ್ಟೇ ಮುಚ್ಚಬಹುದು. ಜೀವಕ್ಕಿರೋ ಅಪಾಯ ತಪ್ಪುತ್ತೆ, ಹೊಟ್ಟೆ ಹೀಗೇ ಇರುತ್ತೆ. ಇಲ್ಲ, ಅದರ ಜೊತೆಗೆ ಪೂರ್ತಿ ಟಮ್ಮಿ ಟಕ್ ಮಾಡಬಹುದು. ಆದರೆ ಅದಾದ ಮೇಲೆ ಬಸುರಿಯಾದರೆ ಹೊಲಿದದ್ದೆಲ್ಲ ಮತ್ತೆ ಸಡಿಲ ಆಗುತ್ತೆ. ನಿಮ್ಮದು ಮೊದಲೇ ಹರಿದ ಹೊಟ್ಟೆ. ಅದಕ್ಕೇ ಮಕ್ಕಳು ಸಾಕು ಅನ್ನಿಸಿದ ಮೇಲೆ ಬನ್ನಿ ಅಂತೀವಿ. ನಿಮಗೆ ಮಕ್ಕಳೆಷ್ಟು?"

"ಇಲ್ಲ," ಎಂದಳು ಅಸ್ಫಿಯಾ.

ಡಾಕ್ಟರ ಕೈ ಹೊಟ್ಟೆಯ ಮೇಲಿನ ಹಳೇ ಗಾಯದ ಗುರುತಿನ ಹತ್ತಿರ ನಿಂತಿತು. "ಹಾಗಾದರೆ ಮನೆಯಲ್ಲಿ ಮಾತಾಡಿಕೊಂಡು ಬನ್ನಿ," ಎಂದರು. ಬಾಗಿಲ ಹತ್ತಿರ ಅಸ್ಫಿಯಾ ತಿರುಗಿ, ಪೂರ್ತಿಯದು ಮಾಡಿದರೆ ಆ ಗಾಯದ ಗುರುತು ಏನಾಗುತ್ತದೆ ಎಂದು ಕೇಳಿದಳು. ಕತ್ತರಿಸುವ ಭಾಗದಲ್ಲೇ ಅದೂ, ಬಸುರಿನಲ್ಲಿ ಚರ್ಮ ಬಿರಿದ ಬಿಳಿ ಗೀರುಗಳಲ್ಲಿ ಹೆಚ್ಚಿನವೂ ಹೋಗುತ್ತವೆ ಎಂದರು ಡಾಕ್ಟರು.

ಮನೆಯಲ್ಲಿ ಮಾತು ನಡೆದದ್ದು ಊಟದ ಹೊತ್ತಿಗೆ. ಮಹಬೂಬ್ ಬೀ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ತೂತು ಮುಚ್ಚುಸ್ಕೊ, ಬ್ಯಾಡ ಅನ್ನಕಿಲ್ಲ. ಮಿಕ್ಕಿದ್ದು ಯಾತಕ್ಕೆ? ಆ ದೇವ್ರು ಮತ್ತೆ ಕೊಡಕಿಲ್ಲ ಅಂತ ನಿಂಗ್ಯಾರು ಯೋಳುದ್ರು? ಒಟ್ಟೆಗೆ ಬೀಗ ಆಕಿಸ್ಕೊಂಡು ಬತ್ತೀನಿ ಅಂತೀಯಲ್ಲೇ!"

"ಇನ್ನೊಂದು ಸಲ ಆ ಟೇಬಲ್ ಮೇಲೆ ನಾನು ಮಲಗಲ್ಲ ಅಮ್ಮಾ. ಸತ್ತ ಮಗೂನ ತೆಗೆಸಿಕೊಳ್ಳೋಕೆ ಮಲಗಲ್ಲ."

"ಎಲ್ಲಾ ಸಲನೂ ಸಾಯ್ತಾವಾ?"

ಅಸ್ಫಿಯಾ ಎದ್ದು ನಿಂತಳು. ಅವಳಿಗೇ ಗೊತ್ತಿಲ್ಲದಂತೆ ಧ್ವನಿ ಏರಿತು. "ಬೀದಿಗೆ ಹೋದರೆ ಎಷ್ಟು ತಿಂಗಳು ಅಂತಾರೆ. ದಿನಾ. ಬಸ್ಸಲ್ಲಿ, ಅಂಗಡೀಲಿ, ಫ್ಯಾಕ್ಟರೀಲಿ. ಅವರು ಹೋಗಿ ಎಷ್ಟು ವರ್ಷ ಆಯ್ತು ಅಂತ ನನಗೆ ಗೊತ್ತು. ನನ್ನ ಹೊಟ್ಟೆಗೆ ಮಾತ್ರ ಗೊತ್ತಿಲ್ಲ. ಅದು ಇನ್ನೂ ಅವರಿಗೆ ಜಾಗ ಇಟ್ಟುಕೊಂಡು ಕೂತಿದೆ. ನಾನು ಏನು ಮಾಡಲಿ?"

ಇಬ್ಬರೂ ಸಾಹಿಲ್‌ನ ಕಡೆ ನೋಡಿದರು. ಅವನು ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, ಬಾಗಿಲವರೆಗೆ ಹೋಗಿ, "ನಿನಗೆ ಹೇಗೆ ಸರಿಯೋ ಹಾಗೆ," ಎಂದ. ಚಪ್ಪಲಿ ಹಾಕಿಕೊಂಡು ಶೆಡ್ಡಿಗೆ ಹೊರಟುಹೋದ. ಒಪ್ಪಿದನೋ, ಕೈಬಿಟ್ಟನೋ ಅಸ್ಫಿಯಾಗೆ ತಿಳಿಯಲಿಲ್ಲ. ಅವನು ಇನ್ನೊಂದು ಮಗುವಿಗೆ ಆಸೆಪಟ್ಟಿದ್ದ ಎಂಬುದಂತೂ ಅವಳಿಗೆ ಗೊತ್ತಿತ್ತು, ಕೇಳಿರಲಿಲ್ಲ, ಅಷ್ಟೆ.

ಅವಳು ಪೂರ್ತಿಯದನ್ನೇ ಆರಿಸಿಕೊಂಡಳು.

ಆಪರೇಷನ್ನಿನ ಬೆಳಿಗ್ಗೆ ಡಾಕ್ಟರ್ ರಂಜನಿ ನೀಲಿ ಪೆನ್ನಿನಿಂದ ಅವಳ ಹೊಟ್ಟೆಯ ಮೇಲೆ ಗೆರೆ ಬರೆದು ಹೊರಬಂದಾಗ ಮಹಬೂಬ್ ಬೀ ಬಾಗಿಲಲ್ಲೇ ಅಡ್ಡ ನಿಂತಿದ್ದಳು. ಜಗಳಕ್ಕೆ ಬಂದಿದ್ದಾಳೆಂದು ಸಾಹಿಲ್ ಹತ್ತಿರ ಓಡಿದ.

"ಕುಯ್ದ್ ತಗೀತೀರಲ್ಲವ್ವ, ಅದ್ನ ಏನ್ ಮಾಡ್ತೀರಿ?"

"ಹಳದಿ ಚೀಲಕ್ಕೆ ಹಾಕಿ ಸುಡೋಕೆ ಕಳಿಸ್ತೀವಿ ಅಮ್ಮ. ನಿಯಮ ಹಾಗಿದೆ."

"ಸುಡಬ್ಯಾಡಿ. ನಮ್ಮಲ್ಲಿ ಮೈಯ್ಯಿಂದು ಸುಡಕಿಲ್ಲ. ಕಾಲು ಕುಯ್ದ್ರೂ ಮಣ್ಣಿಗೇ ಇಡದು." ಆಕೆ ಡಾಕ್ಟರ ಕೈ ಹಿಡಿದುಕೊಂಡಳು. "ಅದ್ರೊಳ್ಗೆ ನಮ್ಮ ಮಕ್ಳು ಬೆಳ್ದಿದ್ವು ಕಣವ್ವ. ನಂಗೆ ಕೊಟ್ಬುಡಿ."

ಡಾಕ್ಟರು ಯೋಚಿಸಿದರು. ಯಾರಿಗೋ ಫೋನು ಮಾಡಿದರು, ಮತ್ತೊಬ್ಬರಿಗೆ ಮಾಡಿದರು. ಕೊನೆಗೆ ಸಾಹಿಲ್‌ನಿಂದ ಸಹಿ ಹಾಕಿಸಿಕೊಂಡು ಆಗಲಿ ಎಂದರು. ಮಧ್ಯಾಹ್ನ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ, ಸುತ್ತ ಟೇಪು ಸುತ್ತಿದ್ದು, ಅವನ ಕೈಗೆ ಬಂತು. ಮಹಬೂಬ್ ಬೀ ಮನೆಯಿಂದ ತಂದಿದ್ದ ತೊಳೆದ ಬಿಳಿ ಬಟ್ಟೆಯನ್ನು ಕೊಟ್ಟು, "ಅವ್ರ ಪಕ್ದಲ್ಲೇ," ಎಂದಷ್ಟೇ ಹೇಳಿದಳು.

ಅಸ್ಫಿಯಾಗೆ ಇದೊಂದೂ ಗೊತ್ತಿರಲಿಲ್ಲ. ಎಚ್ಚರವಾದಾಗ ಮಂಡಿ ಮಡಿಸಿ ಮಲಗಿಸಿದ್ದರು; ಹೊಟ್ಟೆಯ ಸುತ್ತ ಬಿಗಿಯಾದ ಪಟ್ಟಿ, ಎರಡು ಪಕ್ಕದಿಂದ ಕೆಂಪು ನೀರು ಇಳಿಯುವ ಕೊಳವೆಗಳು. ಉಸಿರೆಳೆದರೆ ಯಾರೋ ಒಳಗಿನಿಂದ ಜಗ್ಗಿದಂತೆ ನೋವು. ಸಂಜೆ ಸಾಹಿಲ್ ಬಂದು ಮಂಚದ ಪಕ್ಕ ಕೂತ. ಅವನ ಉಗುರಿನ ಸಂದಿನಲ್ಲಿ ಯಾವಾಗಲೂ ಇರುವ ಗ್ರೀಸಿನ ಬದಲು ಕೆಮ್ಮಣ್ಣು ಇತ್ತು. ಎಲ್ಲಿಗೆ ಹೋಗಿದ್ದೆ ಎಂದು ಅವಳು ಕೇಳಿದಳು. ಅವನು ಮುಚ್ಚಿಡದೆ ಹೇಳಿದ.

"ಯಾರನ್ನೂ ಕರೀಲಿಲ್ಲ. ಗುಂಡಿ ನಾನೇ ತೋಡಿದೆ." ಉಗುರಿನ ಮಣ್ಣನ್ನು ಕೆದಕುತ್ತಾ ಮತ್ತೆ ಹೇಳಿದ. "ಅವತ್ತು ಇಬ್ಬರನ್ನೂ ಎತ್ತಿಕೊಂಡು ಹೋಗಿದ್ದೆನಲ್ಲ, ಹೆಚ್ಚುಕಮ್ಮಿ ಅಷ್ಟೇ ಭಾರ ಇತ್ತು."

ಅಸ್ಫಿಯಾ ಅಳಲು ಹೋದಳು. ಹೊಲಿಗೆ ಜಗ್ಗಿತು, ಅಳಲೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಬಹಳ ದಿನ ಅವಳು ಬೆನ್ನು ಬಗ್ಗಿಸಿಕೊಂಡೇ ನಡೆದಳು. ನೆಟ್ಟಗೆ ನಿಂತರೆ ಹೊಲಿಗೆ ಬಿಚ್ಚೀತೆಂಬ ಭಯ. ಕೊಳವೆಗಳ ನೀರನ್ನು ಮಹಬೂಬ್ ಬೀಯೇ ಹೊತ್ತು ಹೊತ್ತಿಗೆ ಅಳೆದು ಚೆಲ್ಲುತ್ತಿದ್ದಳು. ಕೊಳವೆ ತೆಗೆದ ಮೇಲೆ ಗಾಯದ ನಟ್ಟನಡುವೆ, ಚರ್ಮ ಅತಿಯಾಗಿ ಎಳೆದ ಜಾಗದಲ್ಲಿ, ಒಂದಷ್ಟು ಕಪ್ಪಾಯಿತು. ರಕ್ತ ಅಲ್ಲಿಯವರೆಗೆ ಹರಿಯುತ್ತಿಲ್ಲ, ಕೆಲವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ಆ ಸತ್ತ ಭಾಗವನ್ನು ಕತ್ತರಿಸಿದರು. ಬಾಯಿ ತೆರೆದ ಗಾಯ ಉಳಿಯಿತು. ಅದು ತಳದಿಂದ ತುಂಬಿಕೊಂಡು ಬರಬೇಕು, ದಿನಾ ತೊಳೆದು ಬಟ್ಟೆ ತುಂಬಬೇಕು.

ಆ ಕೆಲಸವನ್ನು ಮಹಬೂಬ್ ಬೀ ಬೇರೆ ಯಾರಿಗೂ ಬಿಡಲಿಲ್ಲ. ಕೈ ತೊಳೆದು, ಕನ್ನಡಕ ಹಾಕಿಕೊಂಡು, ಸಲೈನ್ ಸುರಿದು, ಇಕ್ಕುಳದಿಂದ ಹಳೇ ಬಟ್ಟೆ ಎಳೆಯುವಾಗ ಅಸ್ಫಿಯಾ ಮಂಚದ ಪಟ್ಟಿ ಹಿಡಿದು ಕಿರುಚುತ್ತಿದ್ದಳು. ಆಕೆ ನಿಲ್ಲಿಸುತ್ತಿರಲಿಲ್ಲ. "ಬೈಕೊ, ಎಸ್ಟಾದ್ರೂ ಬೈಕೊ. ನಾನ್ ಬುಡಕಿಲ್ಲ," ಎನ್ನುತ್ತಿದ್ದಳು. ಒಂದು ದಿನ ಕೆಲಸ ಮುಗಿಸಿ ಬಟ್ಟಲು ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, ಹಿಂದಿರುಗಿ ನೋಡದೆ ಹೇಳಿದಳು. "ನಂಗೂ ಸಾಹಿಲ್‌ಗಿಂತ ಮುಂಚೆ ಎರ್ಡು ಓದ್ವು. ಯಾರ್ಗೂ ಯೋಳಿಲ್ಲ. ಆಗ ಯೋಳ್ತಾ ಇರ್ನಿಲ್ಲ." ಅಷ್ಟು ಹೇಳಿ ಬಟ್ಟಲು ತೊಳೆಯಲು ಹೋದಳು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ, ಅಸ್ಫಿಯಾಳೂ ಕೇಳಲಿಲ್ಲ.

ಗಾಯ ಕೂಡುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಬಟ್ಟೆಯ ಮೇಲಿಂದ ಹೊಟ್ಟೆ ಈಗ ಬೇರೆಯವರ ಹೊಟ್ಟೆಯಂತೆಯೇ ಇತ್ತು. ಒಳಗೆ ಬೇರೆ. ಸೊಂಟದಿಂದ ಸೊಂಟಕ್ಕೆ ಕೆನ್ನೇರಳೆ ಗೆರೆ. ನಡುವೆ, ಗಾಯ ತೆರೆದಿದ್ದಲ್ಲಿ, ಗುಳಿಬಿದ್ದ ದಪ್ಪ ಕಲೆ. ಹೊಸ ತೂತಿನಿಂದ ಹೊರಬಂದ ಹೊಕ್ಕುಳು ಯಾರದೋ ಹೊಕ್ಕುಳನ್ನು ತಂದು ಅಂಟಿಸಿದ ಹಾಗಿತ್ತು. ವಾಂತಿ ನಿಂತಿತು, ಬೆನ್ನು ನೆಟ್ಟಗಾಯಿತು. ಅವಳು ಫ್ಯಾಕ್ಟರಿಗೆ ಮರಳಿದಳು. ಹೊಸದಾಗಿ ಸೇರಿದ್ದ ಒಬ್ಬಳು, ಹಿಂದಿನದನ್ನು ಅರ್ಧಂಬರ್ಧ ಕೇಳಿದವಳು, "ಮಗು ಯಾವುದಕ್ಕಾ?" ಎಂದು ಕೇಳಿದಳು. ವನಜಾ ಅವಳನ್ನು ಎಳೆದುಕೊಂಡು ಹೋದಳು.

ಸಾಹಿಲ್ ಮಾತ್ರ ದೂರವೇ ಉಳಿದ. ಒರಟುತನವೇನಿಲ್ಲ, ಮಾತ್ರೆ ತರುತ್ತಿದ್ದ, ಭಾರ ಎತ್ತಲು ಬಿಡುತ್ತಿರಲಿಲ್ಲ. ಹೊಟ್ಟೆಯನ್ನು ಮಾತ್ರ ಅವನು ನೋಡಿರಲಿಲ್ಲ, ಅವಳು ತೋರಿಸಿರಲೂ ಇಲ್ಲ. ಮಕ್ಕಳ ವಿಚಾರ ಇಬ್ಬರ ನಡುವೆ ಬರದ ಹಾಗೆ ಇಬ್ಬರೂ ನೋಡಿಕೊಳ್ಳುತ್ತಿದ್ದರು.

ಚಳಿಗಾಲದ ಒಂದು ಭಾನುವಾರ ಮಹಬೂಬ್ ಬೀ ಆತಗೂರಿಗೆ ಹೋಗಿದ್ದಳು. ಅಸ್ಫಿಯಾಗೆ ಮುಟ್ಟಿನ ನೋವು. ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಅಂಗಿ ಸರಿಸಿ ಹೊಟ್ಟೆಯ ಮೇಲಿಟ್ಟುಕೊಂಡಳು. ಅಲ್ಲಿ ಚರ್ಮಕ್ಕೆ ಸ್ಪರ್ಶ ಮರಳಲು ವರ್ಷಗಳೇ ಬೇಕಾಗಬಹುದು, ಬಿಸಿ ಇಡಬೇಡಿ ಎಂದು ಡಾಕ್ಟರು ಹೇಳಿದ್ದರು, ಮರೆತಿದ್ದಳು. ಚೀಲ ಬಿಸಿಯೇ ಇಲ್ಲ ಎನ್ನಿಸಿ ಇನ್ನೂ ಬಿಸಿ ನೀರು ತುಂಬಿಕೊಂಡಳು. ಹಾಗೇ ಮಂಪರು ಹತ್ತಿತು.

ಊಟಕ್ಕೆ ಬಂದ ಸಾಹಿಲ್ ಕೂಗಿದ್ದಕ್ಕೆ ಅವಳಿಗೆ ಎಚ್ಚರವಾಯಿತು. ಅವನು ಚೀಲವನ್ನು ಕಿತ್ತು ಆಚೆ ಎಸೆದಿದ್ದ. ಹೊಕ್ಕುಳಿನ ಕೆಳಗೆ ಅಂಗೈಯಗಲ ಕೆಂಪಾಗಿ ನೀರುಗುಳ್ಳೆ ಎದ್ದಿತ್ತು. ಅವಳು ತಲೆ ಎತ್ತಿ ಅದನ್ನು ನೋಡಿದಳು. ಬೇರೆ ಯಾರಿಗೋ ಆದ ಗಾಯವನ್ನು ನೋಡಿದ ಹಾಗಾಯಿತು.

"ಉರೀತಿಲ್ವಾ?" ಅವನ ಮುಖ ಬಿಳಿಚಿಕೊಂಡಿತ್ತು.

"ಇಲ್ಲ. ಏನೂ ಗೊತ್ತಾಗ್ತಿಲ್ಲ."

ತಣ್ಣೀರು ತಂದು ಬಟ್ಟೆ ಅದ್ದಿ ಅದ್ದಿ ಇಟ್ಟ. ಅಡ್ಡಗೆರೆಯನ್ನೂ ಗುಳಿಯನ್ನೂ ಅವನು ಮೊದಲ ಸಲ ನೋಡುತ್ತಿದ್ದ. ಅಸ್ಫಿಯಾ ಅಂಗಿ ಎಳೆದುಕೊಳ್ಳಲು ಹೋದಳು. ಅವನು ಅವಳ ಕೈ ಹಿಡಿದು ಸರಿಸಿದ. ಗುಳ್ಳೆಯಿಂದ ದೂರ, ಗೆರೆಯ ಒಂದು ತುದಿಯಲ್ಲಿ ಬೆರಳಿಟ್ಟ.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ."

ಬೆರಳು ಹೊಕ್ಕುಳಿನ ಪಕ್ಕಕ್ಕೆ ಬಂತು, ಮೇಲೇರಿತು. ಅವಳು ಅದನ್ನು ಕಣ್ಣಿನಿಂದ ಹಿಂಬಾಲಿಸುತ್ತಿದ್ದಳು. ಪಕ್ಕೆಲುಬಿನ ಹತ್ತಿರ ಬಂದಾಗ ಅವನ ಕೈ ತಣ್ಣಗಿದೆ ಎಂದು ತಿಳಿಯಿತು.

"ಹೂಂ. ಇಲ್ಲಿ ಗೊತ್ತಾಗುತ್ತೆ."

ಸಾಹಿಲ್ ಕೈ ತೆಗೆಯಲಿಲ್ಲ. ಅವನ ಹೆಗಲು ಅಲುಗತೊಡಗಿತು. ಖಬರಸ್ತಾನದಿಂದ ಬಂದ ಎರಡು ಸಲವೂ ಅಳದವನು ಈಗ ಶಬ್ದ ಮಾಡಿ ಅಳುತ್ತಿದ್ದ. ಹೇಗೆ ಅಳಬೇಕೆಂದು ತಿಳಿಯದವನಂತೆ ನಡುನಡುವೆ ಕೆಮ್ಮುತ್ತಿದ್ದ. "ನನಗೆ ಮಕ್ಕಳು ಬೇಕಿತ್ತು," ಎಂದ. "ನನಗೂ," ಎಂದಳು ಅಸ್ಫಿಯಾ. ನಾಲ್ಕು ವರ್ಷದ ಮೇಲೆ ಇಬ್ಬರೂ ಆಡಿದ ಮಾತು ಅಷ್ಟೇ.

ಅವನು ಸ್ಕೂಟರ್ ತೆಗೆದುಕೊಂಡು ಮುಲಾಮು ತರಲು ಹೋದ. ಅವಳು ಅಂಗಿಯನ್ನು ಗುಳ್ಳೆಗೆ ತಾಗದಂತೆ ಗಂಟು ಹಾಕಿಕೊಂಡು ಎದ್ದು, ತಣ್ಣಗಾಗಿದ್ದ ಸಾರನ್ನು ಒಲೆಯ ಮೇಲಿಟ್ಟು, ಅವನು ಬರುವವರೆಗೆ ಒಲೆಯಿಂದ ಒಂದು ಮೊಳ ದೂರ ನಿಂತಳು.